ಡ್ರಮ್ ನಿಂತ ಕೂಡಲೇ ಪಂಪ್ ಬಿಚ್ಚಬೇಡಿ: ಕಾಂಕ್ರೀಟ್ ಮಿಕ್ಸರ್ ಗಾಡಿಯ ದೋಷ ಹುಡುಕುವ ಬಗೆ

ಮೇ ತಿಂಗಳ ಮಧ್ಯಾಹ್ನ. ಪುಣೆಯ ಹಿಂಜವಡಿ ಹತ್ತಿರ ರಸ್ತೆ ಬದಿಯಲ್ಲಿ ಒಂದು ಕಾಂಕ್ರೀಟ್ ಮಿಕ್ಸರ್ ಗಾಡಿ ನಿಂತಿತ್ತು. ಡ್ರಮ್ಮಿನಲ್ಲಿ 6 ಘನ ಮೀಟರ್ ಮಾಲು. ತೂಕ 14 ಟನ್ನಿಗಿಂತ ಜಾಸ್ತಿ. ಡ್ರೈವರ್ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹುಡುಗ. ಫೋನಿನಲ್ಲಿ ಅವನ ದನಿ ನಡುಗುತ್ತಿತ್ತು.

"ಅಣ್ಣಾ, ಡ್ರಮ್ ನಿಂತಂಗ ಆಗೈತ್ರಿ. ಮುಂಜಾನೆ ಛಲೋ ತಿರಗಾಕತ್ತಿತ್ತು. ಈಗ ಲಿವರ್ ಪೂರ್ತಿ ಹಾಕಿದ್ರೂ ಎಳೀವಲ್ತು."

ಆ ಗಾಡಿಯನ್ನು ಎರಡು ವಾರದಲ್ಲಿ ಇಬ್ಬರು ಮಿಸ್ತ್ರಿಗಳು ನೋಡಿದ್ದರು. ಇಬ್ಬರೂ ಹೇಳಿದ್ದು ಒಂದೇ ಮಾತು: ಡ್ರಮ್ ತಿರುಗಿಸುವ ಆಯಿಲ್ ಪಂಪ್ ಹೋಗಿದೆ, ಬಿಚ್ಚಬೇಕು. ಮಾಲೀಕರು ದುಡ್ಡು ಹೊಂದಿಸುತ್ತಿದ್ದರು. ಕೊನೆಗೆ ಸಿಕ್ಕ ತಪ್ಪು ಪಂಪಿನಲ್ಲಿ ಇರಲೇ ಇಲ್ಲ. ಅದು ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ.

ನಾನು ಪುಣೆಯ ಭೋಸರಿಯಲ್ಲಿ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ನಡೆಯುವ ಯಂತ್ರಗಳ ಕೆಲಸ ಮಾಡುವವನು. ನನ್ನ ಹತ್ತಿರ ಬರುವ ಮಿಕ್ಸರ್ ಡ್ರೈವರ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಜಾಸ್ತಿ. ಗಾಡಿ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಮಿಸ್ತ್ರಿ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುತ್ತಾನೆ. ಅರ್ಧ ಅರ್ಥವಾಗುತ್ತದೆ, ಅರ್ಧ ಹೋಗುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡ್ರೈವರ್‌ಗೂ ಉಪಯೋಗ ಆಗಬೇಕು, ಹೊಸದಾಗಿ ಪಾನಾ ಹಿಡಿದ ಹುಡುಗರಿಗೂ ಆಗಬೇಕು.

ಮೊದಲು ಮಾಲಿನ ಚಿಂತೆ

ಬೇರೆ ಗಾಡಿ ಕೆಟ್ಟರೆ ನಿಲ್ಲಿಸಿ ಮಿಸ್ತ್ರಿಗೆ ಕಾಯಬಹುದು. ಮಿಕ್ಸರಿಗೆ ಆ ಸುಖ ಇಲ್ಲ. ಒಳಗಿನ ಸಿಮೆಂಟ್ ಯಾರಿಗೂ ಕಾಯುವುದಿಲ್ಲ. ಮಾಲು ತುಂಬಿದ 2 ಗಂಟೆ ಒಳಗೆ ಖಾಲಿಯಾಗಬೇಕು ಅನ್ನುವುದು ರೆಡಿಮಿಕ್ಸ್ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 4926ರ ಸಾಮಾನ್ಯ ನಿಯಮ. ಹಾಗಾಗಿ ಡ್ರಮ್ ನಿಧಾನ ಆಯಿತು ಅನ್ನಿಸಿದ ಕೂಡಲೇ ಚಲನ್ ತೆಗೆದು ಲೋಡಿಂಗ್ ಟೈಮ್ ನೋಡಿ. ಎಷ್ಟು ಹೊತ್ತು ಉಳಿದಿದೆ ಅನ್ನುವ ಲೆಕ್ಕದ ಮೇಲೆ ಮುಂದಿನದೆಲ್ಲ ನಿಂತಿದೆ.

ಗಾಡಿಯನ್ನು ಸಪಾಟ ಜಾಗದಲ್ಲಿ ನಿಲ್ಲಿಸಿ. ಕಾತ್ರಜ್ ಸುರಂಗದಿಂದ ನವಲೆ ಸೇತುವೆ ಕಡೆ ಇಳಿಯುವಂಥ ಇಳಿಜಾರಿನಲ್ಲಿ ಮಾತ್ರ ಬೇಡ. ಸೈಟ್ ಹತ್ತಿರವಿದ್ದು ಡ್ರಮ್ ಇನ್ನೂ ತೆವಳುತ್ತಿದ್ದರೆ ರಿಪೇರಿ ಆಮೇಲೆ, ಮೊದಲು ಹೋಗಿ ಖಾಲಿ ಮಾಡಿ. ಎರಡೂ ಕಡೆ ತಿರುಗಿಸಿ ನೋಡಿ. ಮಿಕ್ಸಿಂಗ್ ಕಡೆ ತಿರುಗದ ಡ್ರಮ್ ಕೆಲವು ಸಲ ಖಾಲಿ ಮಾಡುವ ಕಡೆ ತಿರುಗುತ್ತದೆ. ಹಾಗಾದರೆ ನಿಮ್ಮ ಅದೃಷ್ಟ. ಪ್ಲಾಂಟಿಗೆ ಫೋನ್ ಮಾಡಿ, ಎಲ್ಲಿ ಸುರಿಯಬೇಕು ಕೇಳಿ.

ಸೈಟ್ ದೂರವಿದ್ದರೆ ಪ್ಲಾಂಟಿನ ಕ್ವಾಲಿಟಿಯವರಿಂದ ರಿಟಾರ್ಡರ್ (ಮಾಲು ಗಟ್ಟಿಯಾಗುವುದನ್ನು ತಡ ಮಾಡುವ ದ್ರಾವಣ) ತರಿಸಿ. ಅದು ಸಿಗದೇ ಹೋದಾಗ ಸಕ್ಕರೆ. ಸಿಮೆಂಟಿನ ತೂಕದ 0.05%, ಅಂದರೆ 2 ಟನ್ ಸಿಮೆಂಟಿಗೆ 1 ಕಿಲೋ ಸಕ್ಕರೆ ಸೇರಿದರೂ ಮಾಲು ಗಟ್ಟಿಯಾಗುವುದು ಸುಮಾರು 4 ಗಂಟೆ ಮುಂದಕ್ಕೆ ಹೋಗುತ್ತದೆ. ಡ್ರಮ್ ಉಳಿಸಲೇಬೇಕು ಅಂದರೆ ಐದಾರು ಕಿಲೋ ನೀರಿನಲ್ಲಿ ಕರಗಿಸಿ ಹಾಕುತ್ತಾರೆ. ಆದರೆ ಎರಡು ಮಾತು ನೆನಪಿರಲಿ. ಡ್ರಮ್ ಸ್ವಲ್ಪವಾದರೂ ತಿರುಗುತ್ತಿದ್ದಾಗಲೇ ಹಾಕಬೇಕು. ಪೂರ್ತಿ ನಿಂತ ಮೇಲೆ ಸುರಿದರೆ ಸಕ್ಕರೆ ನೀರು ಮೇಲೇ ಉಳಿಯುತ್ತದೆ. ಮತ್ತೆ, ಹಾಗೆ ಸಕ್ಕರೆ ಹಾಕಿದ ಮಾಲು ಯಾವ ಸ್ಲ್ಯಾಬಿಗೂ ಹೋಗಬಾರದು. ಬರೀ ನೀರು ಸುರಿದು ಸಡಿಲ ಮಾಡಿ ಸೈಟಿಗೆ ಕೊಡುವುದೂ ತಪ್ಪೇ. ನೀರು ಜಾಸ್ತಿಯಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ. ಆ ಸ್ಲ್ಯಾಬಿನ ಕೆಳಗೆ ನಾಳೆ ಯಾರೋ ಮಕ್ಕಳನ್ನು ಮಲಗಿಸುತ್ತಾರೆ.

ಆ ದಿನ ಇಂಡಿ ಹುಡುಗನ ಹತ್ತಿರ 50 ನಿಮಿಷ ಉಳಿದಿತ್ತು. ಸೈಟ್ ಎರಡು ಕಿಲೋಮೀಟರ್ ದೂರ. ಇಂಜಿನ್ ರೇಸ್ ಮಾಡಬೇಡ, ಸ್ವಲ್ಪ ಕಡಿಮೆಯಲ್ಲೇ ಇಟ್ಟು ಡ್ರಮ್ ತೆವಳಿಸುತ್ತಾ ಹೋಗು ಅಂದೆ. ಹೋದ. ಖಾಲಿ ಮಾಡಿದ. ಸಂಜೆ ಗಾಡಿ ನಮ್ಮ ಶೆಡ್ಡಿಗೆ ಬಂತು.

ಒಳಗೆ ಏನು ನಡೆಯುತ್ತದೆ

ಇದು ಗೊತ್ತಿಲ್ಲದೆ ತಪ್ಪು ಹುಡುಕುವುದು ಕತ್ತಲೆಯಲ್ಲಿ ಸೂಜಿ ಹುಡುಕಿದ ಹಾಗೆ.

ಇಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಕೆಲವು ಗಾಡಿಯಲ್ಲಿ ಚಾಸಿಯ ಇಂಜಿನ್ನೇ ಈ ಕೆಲಸ ಮಾಡುತ್ತದೆ. ಕೆಲವದರಲ್ಲಿ ಕ್ಯಾಬಿನ್ ಹಿಂದೆ ಬೇರೆ ಸಣ್ಣ ಡೀಸೆಲ್ ಇಂಜಿನ್ ಇರುತ್ತದೆ. ಅದಕ್ಕೆ ಸ್ಲೇವ್ ಇಂಜಿನ್ ಅನ್ನುತ್ತಾರೆ. (ಇದರ ಮೇಲೆ ಕಿರ್ಲೋಸ್ಕರ್ ಹೆಸರು ಕಂಡಾಗೆಲ್ಲ ನನಗೆ ಖುಷಿ. ಪುಣೆಯ ಆ ಇಂಜಿನ್ ಕಂಪನಿ 1946ರದು. ಆ ಮನೆತನದ ಉದ್ಯಮ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಮೇಲೆ ಬಂದವರು.)

ಪಂಪ್ ಒತ್ತಿದ ಆಯಿಲ್ ಎರಡು ದಪ್ಪ ಹೋಸ್‌ಗಳಲ್ಲಿ, ಆಯಿಲ್ ಒತ್ತಡಕ್ಕೆ ತಿರುಗುವ ಮೋಟಾರಿಗೆ ಹೋಗಿ ವಾಪಸ್ ಪಂಪಿಗೇ ಬರುತ್ತದೆ. ಮಧ್ಯೆ ಟ್ಯಾಂಕಿಗೆ ಹೋಗುವುದಿಲ್ಲ. ಮೋಟಾರ್ ಗೇರ್‌ಬಾಕ್ಸನ್ನು, ಗೇರ್‌ಬಾಕ್ಸ್ ಡ್ರಮ್ಮನ್ನು ತಿರುಗಿಸುತ್ತದೆ. ಡ್ರಮ್ ಒಂದು ಸುತ್ತು ಬರಲು ಮೋಟಾರ್ ನೂರಕ್ಕಿಂತ ಜಾಸ್ತಿ ಸುತ್ತು ಸುತ್ತಬೇಕು. ಪಂಪಿನ ಒಳಗೆ ಓರೆಯಾಗುವ ಒಂದು ತಟ್ಟೆ ಇದೆ. ನೀವು ಲಿವರ್ ಎಳೆದಾಗ ಆ ತಟ್ಟೆ ಓರೆಯಾಗುತ್ತದೆ. ಎಷ್ಟು ಓರೆಯೋ ಅಷ್ಟು ಆಯಿಲ್, ಅಷ್ಟು ವೇಗ. ಇನ್ನೊಂದು ಕಡೆ ಓರೆಯಾದರೆ ಡ್ರಮ್ ಉಲ್ಟಾ.

ಈಗ ಮುಖ್ಯವಾದದ್ದು. ದೊಡ್ಡ ಪಂಪಿನ ಬೆನ್ನಿಗೆ ಒಂದು ಸಣ್ಣ ಪಂಪ್ ಅಂಟಿಕೊಂಡಿರುತ್ತದೆ. ಇದು ಚಾರ್ಜ್ ಪಂಪ್. ಟ್ಯಾಂಕಿನಿಂದ ಫಿಲ್ಟರ್ ಮೂಲಕ ಆಯಿಲ್ ಎಳೆಯುವುದು ಇದೊಂದೇ. ಒಳಗೆ ಸೋರಿ ಹೋದ ಆಯಿಲನ್ನು ತುಂಬಿ ಕೊಡುವುದು, ಆ ತಟ್ಟೆಯನ್ನು ಓರೆ ಮಾಡಿ ಹಿಡಿಯುವುದು, ಎರಡೂ ಇದರ ಬಲದಿಂದ. ಇದರ ಪ್ರೆಶರ್ ಹೆಚ್ಚಿನ ಗಾಡಿಗಳಲ್ಲಿ 18ರಿಂದ 25 ಬಾರ್ (ಪ್ರೆಶರಿನ ಅಳತೆ) ನಡುವೆ. ಮೇನ್ ಲೈನಿನ ಪ್ರೆಶರ್ ನೂರಾರು ಬಾರ್ ಇರುವುದರಿಂದ ಎಲ್ಲರೂ ಅದನ್ನೇ ನೋಡುತ್ತಾರೆ. ಆದರೆ ಈ ಇಪ್ಪತ್ತು ಬಾರ್ ಸತ್ತರೆ ಆ ನೂರಾರು ಬಾರ್ ಹುಟ್ಟುವುದೇ ಇಲ್ಲ.

ಇಂಜಿನ್ನೋ, ಹೈಡ್ರಾಲಿಕ್ಕೋ

ಲೋಡ್ ಇರುವಾಗ ಲಿವರ್ ಪೂರ್ತಿ ಹಾಕಿ ಇಂಜಿನ್ ಸದ್ದು ಕೇಳಿ. ಇಂಜಿನ್ ಕುಗ್ಗುತ್ತಿದೆಯಾ? ಆರ್‌ಪಿಎಂ ಬೀಳುತ್ತಿದೆಯಾ? ಹಾಗಿದ್ದರೆ ಪಂಪ್ ಕೆಲಸ ಕೇಳುತ್ತಿದೆ, ಇಂಜಿನ್ ಕೊಡುತ್ತಿಲ್ಲ ಅಂತ ಅರ್ಥ. ಕಪ್ಪು ಹೊಗೆ ಇದ್ದರೆ ಗಾಳಿ ಸಾಲುತ್ತಿಲ್ಲ. ಪ್ಲಾಂಟಿನ ಸಿಮೆಂಟ್ ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹೊಗೆ ಇಲ್ಲದೆ ಸೊರಗಿದರೆ ಡೀಸೆಲ್ ಫಿಲ್ಟರ್ ನೋಡಿ, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿ.

ಡ್ರಮ್ ನಿಧಾನವಾದರೂ ಇಂಜಿನ್ ಆರಾಮಾಗಿ ಓಡುತ್ತಿದ್ದರೆ? ಭಾರ ಇಂಜಿನ್ ತನಕ ಬರುತ್ತಲೇ ಇಲ್ಲ. ಆಯಿಲ್ ಎಲ್ಲೋ ಮಧ್ಯೆ ತಪ್ಪಿಸಿಕೊಳ್ಳುತ್ತಿದೆ, ಇಲ್ಲವೇ ಪಂಪಿಗೆ ಆಯಿಲೇ ಸಿಗುತ್ತಿಲ್ಲ. ತಪ್ಪು ಹೈಡ್ರಾಲಿಕ್ಕಿನಲ್ಲಿದೆ. ಈ ಒಂದು ಪರೀಕ್ಷೆಗೆ ಪಾನಾ ಬೇಡ, ಕಿವಿ ಸಾಕು.

ಪಾನಾ ಹಿಡಿಯುವ ಮೊದಲು

ಟ್ಯಾಂಕಿನ ಗಾಜಿನಲ್ಲಿ ಆಯಿಲ್ ಮಟ್ಟ ನೋಡಿ. ಇದನ್ನು ಬಿಟ್ಟು ಪಂಪ್ ಇಳಿಸಿದವರನ್ನು ನಾನು ನೋಡಿದ್ದೇನೆ. ಮಟ್ಟದ ಜೊತೆ ಬಣ್ಣವನ್ನೂ ನೋಡಿ. ಹಾಲಿನ ಹಾಗಿದ್ದರೆ ಸ್ವಲ್ಪ ಆಯಿಲನ್ನು ಗಾಜಿನ ಲೋಟಕ್ಕೆ ಹಿಡಿದು ಒಂದು ಕಡೆ ಇಡಿ. ಅರ್ಧ ಗಂಟೆಯಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದರಲ್ಲಿ ಇದ್ದದ್ದು ಗಾಳಿ. ಸಕ್ಷನ್ ಕಡೆ, ಅಂದರೆ ಟ್ಯಾಂಕಿನಿಂದ ಪಂಪ್ ಆಯಿಲ್ ಎಳೆಯುವ ಕಡೆ, ಎಲ್ಲೋ ಕ್ಲ್ಯಾಂಪ್ ಸಡಿಲ ಇದೆ. ಎಷ್ಟು ಹೊತ್ತಾದರೂ ಹಾಲಿನ ಹಾಗೇ ಉಳಿದರೆ ನೀರು. ಮಳೆಗಾಲದಲ್ಲಿ, ಗಾಡಿ ತೊಳೆಯುವಾಗ ಬ್ರೀದರಿನಿಂದ (ಟ್ಯಾಂಕಿಗೆ ಗಾಳಿ ಹೋಗಿ ಬರುವ ಬಾಯಿ) ಹೋಗಿರುತ್ತದೆ. ಆ ಆಯಿಲ್ ಪೂರ್ತಿ ಬದಲಿಸಿ.

ಆಮೇಲೆ ಲಿವರ್ ಕೇಬಲ್. ಒಬ್ಬರು ಕ್ಯಾಬಿನ್ನಿನಲ್ಲಿ ಲಿವರ್ ಎಳೆಯಲಿ, ಇನ್ನೊಬ್ಬರು ಪಂಪಿನ ಮೇಲಿನ ಸಣ್ಣ ಕೈ ನೋಡಲಿ. ಅದು ಕೊನೆ ತನಕ ಹೋಗುತ್ತದೆಯಾ? ಗಾಡಿಯ ಹಿಂಭಾಗದಲ್ಲಿರುವ ಲಿವರಿನ ಕೇಬಲ್ ತುದಿಗೆ ಕಾಂಕ್ರೀಟ್ ಹಾರಿ ಗಟ್ಟಿಯಾಗಿರುತ್ತದೆ. ಕೇಬಲ್ ಮುಕ್ಕಾಲು ದಾರಿಗೆ ನಿಂತರೆ ಡ್ರಮ್ಮೂ ಮುಕ್ಕಾಲು ವೇಗಕ್ಕೇ ನಿಲ್ಲುತ್ತದೆ.

ಡ್ರಮ್ಮಿನ ಹಿಂಭಾಗ ಎರಡು ರೋಲರ್ ಮೇಲೆ ಕೂತಿರುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಎರಡನ್ನೂ ಮುಟ್ಟಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅದರ ಬೇರಿಂಗ್ ಹಿಡಿದಿದೆ. ಗ್ರೀಸ್ ಕಾಣದ ರೋಲರ್ ಡ್ರಮ್ಮಿಗೆ ಬ್ರೇಕ್ ಹಾಕಿದ ಹಾಗೆ.

ಆಯಿಲ್ ತಣ್ಣಗೆ ಮಾಡುವ ಕೂಲರ್ ಮರೆಯಬೇಡಿ. ಸಿಮೆಂಟ್ ದೂಳು, ಮೇಲೆ ನೀರು, ಮೇಲೆ ಬಿಸಿಲು. ಕೂಲರಿನ ರೆಕ್ಕೆಗಳ ಮಧ್ಯೆ ಗಾರೆಯೇ ಕಟ್ಟಿರುತ್ತದೆ. ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಟೆಂಪರೇಚರ್ ಸ್ವಿಚ್ಚಿನ ಎರಡು ವೈರ್ ಒಂದಕ್ಕೊಂದು ಜೋಡಿಸಿ ನೋಡಿ. ಫ್ಯಾನ್ ತಿರುಗಿತಾ? ಹಾಗಾದರೆ ಹೋಗಿರುವುದು ಸ್ವಿಚ್. ಟ್ಯಾಂಕಿನಲ್ಲಿ ಆಯಿಲ್ 80 ಡಿಗ್ರಿ ದಾಟಿದರೆ ತೆಳುವಾಗುತ್ತದೆ, ಪ್ರತಿ ಸಂದಿಯಲ್ಲೂ ಸೋರುತ್ತದೆ. ಒಳ್ಳೆಯ ಪಂಪೂ ಆಗ ಮುದುಕನ ಹಾಗೆ ನಡೆಯುತ್ತದೆ. ನಮ್ಮ ಪುಣೆಯ ಏಪ್ರಿಲ್, ಮೇ ಬಿಸಿಲಿಗೆ 46 ನಂಬರ್ ಆಯಿಲಿಗಿಂತ ಇನ್ನೂ ದಪ್ಪಗಿರುವ 68 ನಂಬರ್ ವಾಸಿ. ಆದರೂ ನಿಮ್ಮ ಪಂಪಿನವರು ಹೇಳಿದ್ದೇ ಕೊನೆ ಮಾತು.

ಒಂದು ಎಚ್ಚರಿಕೆ. ಒತ್ತಡದ ಹೋಸ್ ಸೋರುತ್ತಿದೆಯಾ ಅಂತ ಎಂದೂ ಕೈಯಿಂದ ಸವರಿ ನೋಡಬೇಡಿ. ಸೂಜಿ ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕಿ ಮಾತ್ರ ಕಾಣುತ್ತದೆ, ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಬಿಟ್ಟರೆ ಬೆರಳು ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಪ್ರೆಶರಿನ ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಗೇಜ್ ಹಾಕಿ, ಗೇಜ್ ಹೇಳುವುದನ್ನು ಕೇಳಿ

ಇಲ್ಲಿಗೆ ತನಕ ತಪ್ಪು ಸಿಗದಿದ್ದರೆ ಗೇಜ್. ಎರಡು ಬೇಕು. ಚಾರ್ಜ್ ಪೋರ್ಟಿಗೆ 60 ಬಾರಿನದು, ಮೇನ್ ಲೈನಿಗೆ 600 ಬಾರಿನದು. ಅದಲು ಬದಲಾದರೆ ಸಣ್ಣ ಗೇಜ್ ಮುಖಕ್ಕೇ ಸಿಡಿಯುತ್ತದೆ. ಯಾವ ಪೋರ್ಟ್ ಯಾವುದು ಅಂತ ಪಂಪಿನ ಚಿತ್ರ ನೋಡಿಯೇ ಕೂರಿಸಿ, ಅಂದಾಜಿನ ಮೇಲೆ ಬೇಡ. ಇದರ ಜೊತೆ ಸಕ್ಷನ್ ಫಿಲ್ಟರಿನ ತಲೆಯ ಮೇಲೆ ಒಂದು ವ್ಯಾಕ್ಯೂಮ್ ಗೇಜ್ ಮೊದಲೇ ಇರುತ್ತದೆ. ಆಯಿಲ್ ಎಳೆಯಲು ಪಂಪ್ ಎಷ್ಟು ಕಷ್ಟಪಡುತ್ತಿದೆ ಅಂತ ಅದು ತೋರಿಸುತ್ತದೆ: ಹಸಿರು ಸರಿ, ಕೆಂಪು ಅಂದರೆ ದಾರಿಯಲ್ಲಿ ತಡೆ. ಅದರ ಗಾಜಿನ ಮೇಲಿನ ಸಿಮೆಂಟ್ ಒರೆಸಿದವರು ಕಡಿಮೆ.

ಮೊದಲು ಲಿವರ್ ನ್ಯೂಟ್ರಲ್ಲಿನಲ್ಲಿ ಇಟ್ಟು ಚಾರ್ಜ್ ಪ್ರೆಶರ್ ನೋಡಿ. ಆಮೇಲೆ ಲಿವರ್ ಹಾಕಿ ನೋಡಿ. ಡ್ರಮ್ ತಿರುಗಲು ಶುರುವಾದಾಗ ಒಂದೆರಡು ಬಾರ್ ಇಳಿಯುವುದು ಸಹಜ. ನ್ಯೂಟ್ರಲ್ಲಿನಲ್ಲಿ ಸರಿ ಇದ್ದು ಲೋಡಿನಲ್ಲಿ ದಪ್ಪೆಂದು ಬಿದ್ದರೆ ಒತ್ತಡದ ಕಡೆ ದೊಡ್ಡ ಸೋರಿಕೆ ಇದೆ. ಮೋಟಾರ್ ಇರಬಹುದು, ಪಂಪಿನ ತಿರುಗುವ ಭಾಗ ಇರಬಹುದು. ನ್ಯೂಟ್ರಲ್ಲಿನಲ್ಲೇ ಕಡಿಮೆ ಇದ್ದರೆ ಚಾರ್ಜ್ ಪಂಪ್, ಅದರ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದರೆ ತೆರೆದು ಆಯಿಲ್ ಬಿಡುವ ವಾಲ್ವ್), ಇಲ್ಲವೇ ಅದಕ್ಕೆ ಬರುವ ಆಯಿಲಿನ ದಾರಿ.

ಚಾರ್ಜ್ ಸರಿ ಇದೆ, ಆದರೂ ಡ್ರಮ್ ತಿರುಗುತ್ತಿಲ್ಲ ಅನ್ನಿ. ಆಗ ಮೇನ್ ಗೇಜ್ ನೋಡಿ. ಅದು ಸರ್ರನೆ ಏರಿ ರಿಲೀಫ್ ಸೆಟ್ಟಿಂಗ್ ತನಕ ಹೋಗಿ ನಿಂತರೆ ಹೈಡ್ರಾಲಿಕ್ಕಿನ ತಪ್ಪಲ್ಲ. ಡ್ರಮ್ಮೇ ಜಾಮ್, ರೋಲರ್ ಹಿಡಿದಿದೆ, ಮಾಲು ಗಟ್ಟಿಯಾಗಿದೆ ಅಥವಾ ಗೇರ್‌ಬಾಕ್ಸ್ ಹೋಗಿದೆ. ಏರದೇ ಸುಮ್ನೆ ಕೂತರೆ ತಟ್ಟೆ ಓರೆಯಾಗುತ್ತಿಲ್ಲ, ಇಲ್ಲವೇ ರಿಲೀಫ್ ವಾಲ್ವ್ ತೆರೆದೇ ಉಳಿದಿದೆ.

ಈಗ ನನಗೆ ಬಹಳ ಸಲ ದಾರಿ ತೋರಿಸಿದ ಒಂದು ಪರೀಕ್ಷೆ. ಆಯಿಲ್ ಬಿಸಿ ಇರುವಾಗ ಇಂಜಿನ್ ಆರ್‌ಪಿಎಂ ನಿಧಾನಕ್ಕೆ ಏರಿಸುತ್ತಾ ಚಾರ್ಜ್ ಗೇಜ್ ಮೇಲೆ ಕಣ್ಣಿಡಿ.

ಪಂಪ್ ಸವೆದು ಸೋರುತ್ತಿದ್ದರೆ ಆರ್‌ಪಿಎಂ ಏರಿದ ಹಾಗೆ ಪ್ರೆಶರ್ ಸುಧಾರಿಸುತ್ತದೆ. ಸೋರುವ ತೂತು ಅಷ್ಟೇ ಇದೆ, ತುಂಬುವ ಆಯಿಲ್ ಜಾಸ್ತಿ ಆಯಿತು. ತಳ ತೂತಾದ ಕೊಡಕ್ಕೆ ನಲ್ಲಿ ಜೋರು ಮಾಡಿದ ಹಾಗೆ.

ಪಂಪಿಗೆ ಆಯಿಲ್ ಸಿಗದೇ ಇದ್ದರೆ ಉಲ್ಟಾ ಆಗುತ್ತದೆ. ಆರ್‌ಪಿಎಂ ಏರಿದ ಹಾಗೆ ಪ್ರೆಶರ್ ಬೀಳುತ್ತದೆ. ಮುಳ್ಳು ನಡುಗುತ್ತದೆ. ಪಂಪಿನ ಒಳಗೆ ಕಲ್ಲು ಉರುಳಿದ ಹಾಗೆ ಸದ್ದು ಬರುತ್ತದೆ. ಕಟ್ಟಿಕೊಂಡ ಸ್ಟ್ರಾದಲ್ಲಿ ಜೋರಾಗಿ ಎಳೆದಷ್ಟೂ ಸ್ಟ್ರಾ ಚಪ್ಪಟೆಯಾಗುತ್ತದೆ, ಅಲ್ವಾ? ಹಾಗೆ. ಇಂಥ ಗಾಡಿಯಲ್ಲಿ ಪಂಪ್ ಬದಲಿಸಿದರೆ ಹೊಸ ಪಂಪೂ ಹಸಿದೇ ಓಡುತ್ತದೆ, ಸ್ವಲ್ಪ ದಿನಕ್ಕೆ ಅದೂ ಹೋಗುತ್ತದೆ.

ಇಂಡಿ ಹುಡುಗನ ಗಾಡಿ

ಸಂಜೆ ಬಂದಾಗ ಗಾಡಿ ಇನ್ನೂ ಬಿಸಿ ಇತ್ತು. ತಣ್ಣಗಾಗಲು ಬಿಡಲಿಲ್ಲ. ಬಿಸಿಗೆ ಬರುವ ತಪ್ಪನ್ನು ಬಿಸಿಯಲ್ಲೇ ಹಿಡಿಯಬೇಕು. ಗೇಜ್ ಹಾಕಿದೆ. ಇಂಜಿನ್ ಐಡಲ್ಲಿನಲ್ಲಿ ಚಾರ್ಜ್ 17 ಬಾರ್. ರೇಸ್ ಕೊಟ್ಟೆ. 14, 11, ಆಮೇಲೆ 9. ಮುಳ್ಳು ಗಾಳಿಗೆ ಸಿಕ್ಕ ಎಲೆ ಹಾಗೆ ನಡುಗುತ್ತಿತ್ತು. ರೇಸ್ ಬಿಟ್ಟೆ, ಮತ್ತೆ 17.

ಪಂಪ್ ಸತ್ತಿಲ್ಲ, ಅದಕ್ಕೆ ಹಸಿವಾಗಿದೆ ಅಂತ ಅಲ್ಲೇ ಗೊತ್ತಾಯಿತು. ಹಾಗಾದರೆ ಫಿಲ್ಟರ್? ಹುಡುಗ ಹೇಳಿದ, "ಅಣ್ಣಾ, ಫಿಲ್ಟರ್ ಮೊನ್ನೆ ಹೊಸಾದು ಹಾಕೇವ್ರಿ." ನಿಜ, ಹೊಸದೇ ಇತ್ತು. ವ್ಯಾಕ್ಯೂಮ್ ಗೇಜಿನ ಗಾಜು ಉಗುರಿನಿಂದ ಕೆರೆದು ನೋಡಿದರೆ ಮುಳ್ಳು ಕೆಂಪಿನಲ್ಲಿ. ಹೊಸ ಫಿಲ್ಟರ್ ಇದ್ದೂ ಕೆಂಪು.

ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿ ನೋಡಿದೆ. ಅದೇ ರೇಸಿನಲ್ಲಿ ಮುಳ್ಳು ಹಸಿರಿನಲ್ಲಿ. ಚಾರ್ಜ್ 22.

ಇದು ಇರಬೇಕಾದದ್ದರ ಉಲ್ಟಾ. ತಣ್ಣಗಿರುವಾಗ ಆಯಿಲ್ ದಪ್ಪ ಇರುತ್ತದೆ, ಎಳೆಯುವುದು ಕಷ್ಟ. ಫಿಲ್ಟರ್ ಕಟ್ಟಿದ್ದರೆ ಬೆಳಿಗ್ಗೆ ಕೆಂಪಿಗೆ ಹೋಗಿ ಬಿಸಿಯಾದ ಮೇಲೆ ಹಿಂದೆ ಬರಬೇಕಿತ್ತು. ಇಲ್ಲಿ ಬಿಸಿಯಾದ ಮೇಲೆ ದಾರಿ ಮುಚ್ಚಿಕೊಳ್ಳುತ್ತಿದೆ. ಬಿಸಿಗೆ ರೂಪ ಬದಲಿಸುವ ವಸ್ತು ಆ ದಾರಿಯಲ್ಲಿ ಒಂದೇ, ರಬ್ಬರ್. ವ್ಯಾಕ್ಯೂಮ್ ಗೇಜ್ ಕೂತಿರುವುದು ಫಿಲ್ಟರ್ ದಾಟಿದ ಮೇಲೆ. ಅದು ಕೆಂಪು ತೋರಿಸುತ್ತಿದೆ ಅಂದರೆ ತಡೆ ಅದಕ್ಕಿಂತ ಹಿಂದೆ ಇದೆ. ಫಿಲ್ಟರ್ ಹೊಸದು. ಉಳಿದದ್ದು ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಹೋಸ್.

ಹೊರಗಿನಿಂದ ಆ ಹೋಸ್ ಚೆನ್ನಾಗಿಯೇ ಇತ್ತು. ಬಿರುಕಿಲ್ಲ, ಉಬ್ಬಿಲ್ಲ. ಬಿಚ್ಚಿ ತುದಿಯಿಂದ ಬೆರಳು ಹಾಕಿದೆ. ಒಳಗಿನ ಪದರ ಮೆತ್ತಗೆ, ಜಾರುತ್ತಿತ್ತು. ಉದ್ದಕ್ಕೆ ಸೀಳಿದೆವು. ಒಳಪದರ ಗೋಡೆ ಬಿಟ್ಟು ನಾಲಿಗೆ ಹಾಗೆ ಜೋತು ಬಿದ್ದಿತ್ತು. ತಣ್ಣಗಿದ್ದಾಗ ಬಿಗಿಯಾಗಿ ಗೋಡೆಗೆ ಒರಗಿರುತ್ತದೆ. ಬಿಸಿಯಾದ ಕೂಡಲೇ ಮೆತ್ತಗಾಗಿ, ಪಂಪ್ ಎಳೆದ ಕಡೆಗೆ ಬಾಗಿ ದಾರಿ ಮುಚ್ಚುತ್ತದೆ. ಹಿಂದೆ ಯಾರೋ ಅವಸರದಲ್ಲಿ ಆಯಿಲಿಗೆ ತಡೆಯದ ನೀರಿನ ಹೋಸ್ ಹಾಕಿದ್ದರು. ಆಯಿಲ್ ಅದನ್ನು ಒಳಗಿನಿಂದ ತಿಂದಿತ್ತು.

ಒಂದು ಮೀಟರಿಗೂ ಕಡಿಮೆ ಉದ್ದದ ಹೋಸ್. ಒಳಗೆ ತಂತಿ ಸುರುಳಿ ಇರುವ ಸಕ್ಷನ್ ಹೋಸ್ ಹಾಕಿದೆವು. ಬಿಸಿ ಮಾಡಿ ನೋಡಿದರೆ ಪೂರ್ತಿ ರೇಸಿನಲ್ಲಿ 20 ಬಾರ್. ಮುಳ್ಳು ಅಲುಗಲಿಲ್ಲ.

ಹಿಂದಿನ ದಿನ ರೇಸ್ ಕಡಿಮೆ ಇಡು ಅಂದದ್ದು ಏಕೆ ಕೆಲಸ ಮಾಡಿತು ಅಂತ ಹುಡುಗನಿಗೆ ಆಗ ಅರ್ಥವಾಯಿತು. ರೇಸ್ ಜಾಸ್ತಿ ಕೊಟ್ಟಿದ್ದರೆ ಆ ನಾಲಿಗೆ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಫೋನಿನಲ್ಲಿ ಅಷ್ಟು ನನಗೂ ಗೊತ್ತಿರಲಿಲ್ಲ. ಪಂಪ್ ಒದ್ದಾಡುತ್ತಿರುವಾಗ ಇನ್ನೂ ಹಿಂಡಬಾರದು ಅಂತಷ್ಟೇ ಹೇಳಿದ್ದೆ.

ಒಂದೇ ಕಡೆ ತಿರುಗಿದರೆ

ಒಂದು ಕಡೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆ ಸೊರಗಿದರೆ ಸಮಾಧಾನ ಮಾಡಿಕೊಳ್ಳಿ. ಚಾರ್ಜ್ ಪಂಪ್, ಫಿಲ್ಟರ್, ಆಯಿಲ್ ಎಲ್ಲ ಎರಡೂ ಕಡೆಗೂ ಒಂದೇ. ಅವು ಕೆಟ್ಟರೆ ಎರಡೂ ಕಡೆ ಕೆಡಬೇಕು. ಒಂದೇ ಕಡೆ ಅಂದರೆ ಮೊದಲು ಕೇಬಲ್ ಆ ಕಡೆಗೆ ಪೂರ್ತಿ ಹೋಗುತ್ತದೆಯಾ ನೋಡಿ. ಆಮೇಲೆ ಆ ಕಡೆಯ ರಿಲೀಫ್ ವಾಲ್ವ್. ಎರಡೂ ಕಡೆಯ ವಾಲ್ವ್ ಒಂದೇ ಸೆಟ್ಟಿಂಗಿನವು ಅಂತ ನಂಬರ್ ನೋಡಿ ಖಾತ್ರಿ ಮಾಡಿಕೊಂಡು, ಅದಲು ಬದಲು ಮಾಡಿ ಹಾಕಿ. ತಪ್ಪು ಈ ಕಡೆಯಿಂದ ಆ ಕಡೆಗೆ ಹೋಯಿತಾ? ವಾಲ್ವೇ ಕಳ್ಳ. ತೆಗೆದು ತೊಳೆದರೆ ಕೆಲವು ಸಲ ಸಣ್ಣ ಕಸ ಸಿಕ್ಕಿ ಅಲ್ಲಿಗೇ ಮುಗಿಯುತ್ತದೆ.

ಪಂಪ್ ನಿಜವಾಗಲೂ ಹೋಗಿದ್ದರೆ

ಹೋಗುತ್ತದೆ, ಹೋಗುವುದಿಲ್ಲ ಅಂತಲ್ಲ. ಅದಕ್ಕೆ ಸಾಕ್ಷಿ ಹಳೆ ಫಿಲ್ಟರ್. ಅದನ್ನು ಎಸೆಯಬೇಡಿ. ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಬಿಡಿಸಿ ನೋಡಿ. ಬಂಗಾರದ ಬಣ್ಣದ ಸಣ್ಣ ಹೊಳಪು ಕಂಡರೆ ಅದು ಪಂಪಿನ ಒಳಗೆ ಆ ಓರೆ ತಟ್ಟೆಯ ಮೇಲೆ ಜಾರುವ ಪಿಸ್ಟನ್ ಪಾದದ ಹಿತ್ತಾಳೆ ಅಥವಾ ಕಂಚು. ಅಂಥ ಗಾಡಿಯನ್ನು ಇನ್ನು ಒಂದು ಟ್ರಿಪ್ಪೂ ಓಡಿಸಬೇಡಿ. ಆ ಚೂರು ಪಂಪಿನಿಂದ ಮೋಟಾರಿಗೆ, ಮೋಟಾರಿನಿಂದ ಪಂಪಿಗೆ ಸುತ್ತುತ್ತಲೇ ಇರುತ್ತದೆ. ಮಧ್ಯೆ ಟ್ಯಾಂಕ್ ಇಲ್ಲ ಅಂತ ಆಗಲೇ ಹೇಳಿದೆ. ಹಾಗಾಗಿ ಪಂಪ್ ಒಂದನ್ನೇ ರಿಪೇರಿ ಮಾಡಿದರೆ ಸಾಲದು. ಮೋಟಾರ್ ಬಿಚ್ಚಿ ನೋಡಬೇಕು. ಹೋಸ್, ಕೂಲರ್, ಟ್ಯಾಂಕ್ ಎಲ್ಲ ತೊಳೆಯಬೇಕು. ಕೂಲರ್ ತೊಳೆಯದೆ ಬಿಟ್ಟು ಆರು ತಿಂಗಳಲ್ಲಿ ಎರಡನೇ ಪಂಪ್ ಕಳೆದುಕೊಂಡ ಗಾಡಿ ನಮ್ಮ ಶೆಡ್ಡಿಗೆ ಬಂದಿತ್ತು. ಆ ಮಾಲೀಕರ ಮುಖ ಈಗಲೂ ನೆನಪಿದೆ.

ಮೋಟಾರೋ ಪಂಪೋ ಅಂತ ತಿಳಿಯಲು ಮೋಟಾರಿನ ಒಳಗೆ ಸೋರಿದ ಆಯಿಲ್ ಹೊರಗೆ ಬರುವ ಕೇಸ್ ಡ್ರೇನ್ ಹೋಸ್ ತೆಗೆದು ಬಕೆಟ್ಟಿಗೆ ಬಿಟ್ಟು, ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಅಳೆಯುತ್ತಾರೆ. ಆದರೆ ಮೋಟಾರಿನಲ್ಲಿ ಫ್ಲಶಿಂಗ್ ವಾಲ್ವ್ (ಸುತ್ತುವ ಬಿಸಿ ಆಯಿಲಿನಲ್ಲಿ ಸ್ವಲ್ಪ ಹೊರಗೆ ಬಿಡುವ ವಾಲ್ವ್) ಇದ್ದರೆ ಅದರ ಆಯಿಲೂ ಇಲ್ಲೇ ಬೀಳುತ್ತದೆ. ಅದು ಗೊತ್ತಿಲ್ಲದೆ ಒಳ್ಳೆಯ ಮೋಟಾರನ್ನು ಕೆಟ್ಟದ್ದು ಅಂದವರಿದ್ದಾರೆ.

ಮಾಲು ಡ್ರಮ್ಮಿನಲ್ಲೇ ಗಟ್ಟಿಯಾಗಿ, ಒಳಗೆ ಇಳಿದು ಒಡೆಯಬೇಕಾದರೆ ಇಂಜಿನ್ ಬಂದ್, ಬ್ಯಾಟರಿ ವೈರ್ ತೆಗೆದಿಡಿ, ಚಾವಿ ಒಳಗೆ ಇಳಿಯುವವನ ಜೇಬಿನಲ್ಲೇ ಇರಬೇಕು. ಹೊರಗೆ ಒಬ್ಬ ಮನುಷ್ಯ ಕಾಯಬೇಕು. ನೀರು ಚಿಮುಕಿಸುತ್ತಾ ಒಡೆಯಿರಿ, ಒಳ್ಳೆಯ ಮಾಸ್ಕ್ ಹಾಕಿ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಕರವಸ್ತ್ರ ಕಟ್ಟಿಕೊಂಡು ಇಳಿಯುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ವಾಪಸ್ ಜೋಡಿಸುವಾಗ

ಬಿಚ್ಚಿದ ಪ್ರತಿ ಬಾಯಿಗೂ ಪ್ಲಗ್ ಹಾಕಿ. ಬನಿಯನ್ ಬಟ್ಟೆ ತುರುಕಬೇಡಿ, ಅದರ ನೂಲು ಫಿಲ್ಟರಿಗೆ ಹೋಗುತ್ತದೆ. ಹೊಸ ಡಬ್ಬಿಯ ಆಯಿಲನ್ನೂ ಫಿಲ್ಟರ್ ಮೂಲಕವೇ ತುಂಬಿ. ಪಂಪಿನ ಕೇಸಿಗೆ ಮೊದಲೇ ಆಯಿಲ್ ತುಂಬಿಸದೆ ಸ್ಟಾರ್ಟ್ ಮಾಡಿದರೆ ಮೊದಲ ನಿಮಿಷದಲ್ಲೇ ಒಣಗಿ ಉಜ್ಜುತ್ತದೆ. ಲಿವರ್ ನ್ಯೂಟ್ರಲ್ಲಿನಲ್ಲಿಟ್ಟು, ಚಾರ್ಜ್ ಗೇಜ್ ಎದ್ದು ನಿಲ್ಲುವ ತನಕ ಕಾಯಿರಿ. ಎದ್ದೇಳದಿದ್ದರೆ ತಕ್ಷಣ ಬಂದ್ ಮಾಡಿ. ಎದ್ದ ಮೇಲೆ ಖಾಲಿ ಡ್ರಮ್ಮನ್ನು ಎರಡೂ ಕಡೆ ನಿಧಾನಕ್ಕೆ ಹತ್ತು ನಿಮಿಷ ತಿರುಗಿಸಿ ಗಾಳಿ ಹೊರಗೆ ಹಾಕಿ. ಮತ್ತೆ ಆಯಿಲ್ ಮಟ್ಟ ನೋಡಿ.

ಗಾಡಿ ಸರಿ ಇರುವಾಗಲೇ ಅಂಕಿ ಬರೆದಿಡಿ. ಇಂಡಿ ಹುಡುಗನ ಗಾಡಿಯ ಬಾಗಿಲ ಒಳಗೆ ಹಳದಿ ಪೇಂಟಿನಲ್ಲಿ ಬರೆದಿದ್ದೇವೆ: ತಣ್ಣಗೆ 22, ಬಿಸಿಗೆ 20, ಪೂರ್ತಿ ರೇಸಿನಲ್ಲಿ. ಕೆಳಗೆ ಹೋಸ್ ಹಾಕಿದ ತಾರೀಖು. ಅವನು ಈಗ ವಾರಕ್ಕೊಮ್ಮೆ ವ್ಯಾಕ್ಯೂಮ್ ಗೇಜಿನ ಗಾಜು ಒರೆಸಿ, ಫೋಟೋ ತೆಗೆದು ನನಗೆ ಕಳಿಸುತ್ತಾನೆ.